ಮಾಸ್ಕಿಗೆ ಹೊಲಿದ ಬಾಗಿಲು

“ಈ ಸೋಪಿಗೆ ವಾಸನೆ ಅಂತ ಒಂದು ಇತ್ತಲ್ವಾ?”

ಬಚ್ಚಲಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಬಕೆಟ್ಟಿತ್ತು, ಚೊಂಬಿತ್ತು, ಗೋಡೆಯ ಮೇಲೆ ಒಂದು ಹಲ್ಲಿಯಿತ್ತು. ಹಲ್ಲಿ ಕೂಡ ಲೊಚಗುಟ್ಟಲಿಲ್ಲ. ಅವನು ಸೋಪನ್ನು ಮೂಗಿಗೆ ಇನ್ನಷ್ಟು ಒತ್ತಿದ. ಒತ್ತಿದ ರಭಸಕ್ಕೆ ನೊರೆ ಹೊಳ್ಳೆಯೊಳಗೆ ಹೋಗಿ, ಕಣ್ಣಲ್ಲಿ ನೀರು ಬಂದು, ಏಳು ಸಲ ಸೀನಿದ. ಉರಿ ಗೊತ್ತಾಯಿತು, ತಂಪು ಗೊತ್ತಾಯಿತು, ಜಾರುವುದು ಗೊತ್ತಾಯಿತು; ವಾಸನೆ ಮಾತ್ರ, ಮನೆ ಖಾಲಿ ಮಾಡಿ ಹೋದ ಬಾಡಿಗೆದಾರನ ಹಾಗೆ, ಗೋಡೆಯಲ್ಲಿ ಒಂದು ಮೊಳೆಯನ್ನೂ ಬಿಡದೆ ಹೋಗಿತ್ತು. ಇಪ್ಪತ್ತಾರು ದಿನಗಳಿಂದ ಬೆಳಗಾದರೆ ಇದೇ ಪರೀಕ್ಷೆ, ಇದೇ ಫೇಲು. ಮೊದಲ ವಾರ ದೇವರನ್ನು ನೆನೆದು ‘ನಂದು ನಂಗೆ ವಾಪಸ್ಸು ಕೊಡಪ್ಪಾ’ ಎಂದು ಬೇಡಿಕೊಂಡಿದ್ದ. ಎರಡನೇ ವಾರ ಸ್ವಲ್ಪ ಇಳಿದು, ಎರಡೂ ಹೊಳ್ಳೆ ಬೇಡ, ಬಲಗಡೆಯದೊಂದಾದರೂ ಸಾಕು ಅಂದಿದ್ದ. ಈಗ, ಒಳ್ಳೆಯ ವಾಸನೆಗಳೆಲ್ಲ ನಿನ್ನ ಹತ್ತಿರವೇ ಇರಲಿ, ಹುಳಿ ವಾಸನೆ ಒಂದನ್ನು ಮಾತ್ರ ನನಗೆ ಬಿಡು ಎನ್ನುವ ಮಟ್ಟಕ್ಕೆ ಬಂದಿದ್ದ. ದೇವರು ಚೌಕಾಸಿಗೆ ಸಿಗುವ ಪೈಕಿಯಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆದರೂ ಕೇಳುವ ಬಾಯಿ ಸುಮ್ಮನಿರುತ್ತಿರಲಿಲ್ಲ.

ಬೇರೆ ಯಾರಿಗಾದರೂ, ಒಬ್ಬ ದರ್ಜಿಗೋ ಒಬ್ಬ ಗುಮಾಸ್ತನಿಗೋ ಹೀಗಾಗಿದ್ದರೆ, ಊಟ ಸಪ್ಪೆಯಾಯಿತೆಂದು ನಾಲ್ಕು ದಿನ ಕೊರಗಿ ಸುಮ್ಮನಾಗುತ್ತಿದ್ದರು. ಅವನು ಊರಿನ ಡೈರಿಯಲ್ಲಿ ಹಾಲು ಮೂಸುವವನು. ಹದಿನೆಂಟು ವರ್ಷಗಳಿಂದ ಪ್ರತಿ ಬೆಳಿಗ್ಗೆ ನೂರು ಕ್ಯಾನುಗಳ ಮುಚ್ಚಳ ಅವನ ಮುಂದೆ ತೆರೆದುಕೊಳ್ಳುತ್ತಿತ್ತು. ಅವನು ಬಗ್ಗಿ ಮೂಸಿ ಹೂಂ ಅಂದರೆ ಹಾಲು ಟ್ಯಾಂಕಿಗೆ, ಊಹೂಂ ಅಂದರೆ ಬಂದ ದಾರಿಗೆ. ಯಾರ ಹಸು ಈರುಳ್ಳಿ ಸಿಪ್ಪೆ ತಿಂದಿದೆ, ಯಾರ ಮನೆಯ ಕ್ಯಾನಿಗೆ ಬಿಸಿನೀರು ಬಿದ್ದಿಲ್ಲ, ಯಾರು ಆರುವ ಮೊದಲೇ ಮುಚ್ಚಳ ಹಾಕಿ ಮಲಗಿದ್ದಾರೆ, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಡೈರಿಗೆ, ಬೀದಿಗೆ, ಕೊನೆಗೆ ಹೆಂಡತಿಯ ತವರಿಗೂ ಅವನು ಮೂಗಣ್ಣ. ಚಿಕ್ಕಂದಿನಲ್ಲಿ ಅವನ ಅಜ್ಜಿ ಬೆಳಗಿನ ಜಾವ ಪದ್ಯ ಹೇಳುತ್ತಿದ್ದಳು, ಅವನು ಅವಳ ಬೆನ್ನಿಗೆ ಕಿವಿಯಿಟ್ಟು ಕೇಳುತ್ತಿದ್ದ. ಅರ್ಥ ಒಂದೂ ಗೊತ್ತಾಗದೆ, ಉಸಿರು ಮಾತ್ರ ಗೊತ್ತಾಗುತ್ತಿತ್ತು. ಎರಡು ಗಿಡ್ಡ, ಒಂದು ಉದ್ದ. ಎರಡು ಗಿಡ್ಡ, ಒಂದು ಉದ್ದ. ಹಾಲನ್ನೂ ಅವನು ಹಾಗೆಯೇ ಮೂಸುತ್ತಿದ್ದ. ಈಗ ವಾಸನೆ ಹೋಗಿ ಛಂದಸ್ಸೊಂದೇ ಉಳಿದಿತ್ತು.

“ರೀ! ನಿಮ್ಮ ಮೂಗಿನ ಮುಂದೇನೇ ಸೀದು ಹೋಗ್ತಿದೆಯಲ್ರೀ!” ಹೆಂಡತಿ ಓಡಿ ಬಂದು ಒಲೆ ಆರಿಸಿದಳು. ಹಾಲು ಉಕ್ಕಿ, ಸುತ್ತ ಹರಿದು, ಕಪ್ಪಗೆ ಕರಕಾಗಿ, ಅಡುಗೆಮನೆಯಲ್ಲೆಲ್ಲ ಹೊಗೆ ಕವಿದಿತ್ತು. ಅವನು ಅದರ ಪಕ್ಕದಲ್ಲೇ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ನಿಜವಾಗಿ ಅವನು ಆ ಹಾಲನ್ನೇ ನೋಡುತ್ತಿದ್ದ. ಅದು ಅವನೇ ಹೂಂ ಅಂದು ಕಳಿಸಿದ ಹಾಲು. ಒಡೆಯುತ್ತದೋ ಏನೋ ಎಂದು ದಿನವೂ ಹೀಗೆ ಉಸಿರು ಬಿಗಿಹಿಡಿದು ಪಾತ್ರೆ ಕಾಯುತ್ತಿದ್ದ. ಇವತ್ತು ಒಡೆಯಲಿಲ್ಲ ಎಂಬ ಸಂತೋಷದಲ್ಲಿ ಉಕ್ಕಿದ್ದು ಗಮನಕ್ಕೆ ಬರಲಿಲ್ಲ.

“ಮನೇಲಿ ನಾನು ಮೂಸಲ್ಲ ಕಣೇ,” ಅಂದ ಗಂಭೀರವಾಗಿ. “ಡ್ಯೂಟಿ ಮುಗಿದ ಮೇಲೆ ಮೂಗಿಗೂ ರಜಾ.”

“ಡ್ಯೂಟಿ ಇನ್ನೂ ಶುರುವೇ ಆಗಿಲ್ಲ,” ಅಂದಳು ಅವಳು, ಪಾತ್ರೆ ತಿಕ್ಕುತ್ತ. ತಿರುಗಿ ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. ಅವಳಿಗೆ ಗೊತ್ತಿದೆಯೋ, ಗೊತ್ತಿಲ್ಲವೋ? ಈ ಪ್ರಶ್ನೆಯನ್ನು ಮುಟ್ಟಿದರೆ ಕೈ ಸುಡುತ್ತದೆಂದು ಅವನು ಚಪ್ಪಲಿ ಹುಡುಕತೊಡಗಿದ.

ರೋಗ ಅವನಿಗೂ ಬಂದು ಹೋಗಿತ್ತು. ಹಿತ್ತಲ ಕೋಣೆಯಲ್ಲಿ ಹದಿನಾಲ್ಕು ದಿನ. ಹೆಂಡತಿ ಸ್ಟೂಲಿನ ಮೇಲೆ ತಟ್ಟೆಯಿಟ್ಟು, ಪೊರಕೆಯ ಹಿಡಿಯಿಂದ ಆ ಸ್ಟೂಲನ್ನು ಬಾಗಿಲೊಳಗೆ ತಳ್ಳುತ್ತಿದ್ದಳು, ಸರ್ಕಸ್ಸಿನ ಹುಲಿಗೆ ಊಟ ಕೊಡುವ ಹಾಗೆ. ಐದನೇ ದಿನ ಅವನು ಕತ್ತಲಲ್ಲಿ ಸೇಬೆಂದುಕೊಂಡು ಈರುಳ್ಳಿಯೊಂದನ್ನು ಅರ್ಧ ತಿಂದ. ಕರಕರ ಅಂದಿತು, ಕಣ್ಣಲ್ಲಿ ನೀರು ಬಂತು. ಇವಳು ಎಂಥ ಸೇಬು ತಂದಿದ್ದಾಳೆ, ಎದೆ ತುಂಬಿ ಬಂತಲ್ಲ, ಎಂದುಕೊಂಡ. ದೀಪ ಹಾಕಿ ನೋಡಿದ ಮೇಲೆ ಆ ಉಳಿದರ್ಧವನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದನೋ. ವಾಪಸು ಕೆಲಸಕ್ಕೆ ಬಂದಾಗ ಅವನ ಗಂಟಲು ನೋಡಿದರು, ಜ್ವರ ನೋಡಿದರು, ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದರು. ಮೂಗಿಗೆ ವಾಸನೆ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದನೇನೋ. ಕೇಳದವರಿಗೆ ತಾನಾಗಿ ಹೇಳುವುದು ಹೇಗೆ? ಮೂಗಣ್ಣನಿಗೆ ಮೂಗಿಲ್ಲವೆಂದಾದರೆ ಉಳಿಯುವುದು ಬರೀ ಅಣ್ಣ. ಬರೀ ಅಣ್ಣನಿಗೆ ಡೈರಿಯಲ್ಲಿ ಏನು ಕೆಲಸ?

ಡೈರಿಯ ಕಟ್ಟೆಯ ಮೇಲೆ ಫಿನಾಯಿಲಿನಲ್ಲಿ ನೆಲ ಒರೆಸಿ ಮುಗಿಸಿದ್ದರು. ರೋಗ ಬಂದಾಗಿನಿಂದ ದಿನಕ್ಕೆ ಮೂರು ಸಲ ಒರೆಸುತ್ತಿದ್ದರಂತೆ. ನೆಲ ಒದ್ದೆಯಾಗಿರುವುದರಿಂದ ಮಾತ್ರ ಅದು ಅವನಿಗೆ ತಿಳಿಯುತ್ತಿತ್ತು. ಕಟ್ಟೆಯ ಕೆಳಗೆ ಸುಣ್ಣದ ವೃತ್ತಗಳಲ್ಲಿ ಹಾಲಿನವರು, ಒಬ್ಬರಿಂದೊಬ್ಬರಿಗೆ ಆರಡಿ ಬಿಟ್ಟು, ತಂತಮ್ಮ ಕ್ಯಾನುಗಳನ್ನು ಮುಂದಿಟ್ಟುಕೊಂಡು ನಿಂತಿದ್ದರು. ಆಫೀಸಿನಿಂದ ಎರಡು ಸರ್ಕ್ಯುಲರು ಬಂದಿದ್ದವು: ಕೆಲಸದ ವೇಳೆಯಲ್ಲಿ ಯಾವ ಕಾರಣಕ್ಕೂ ಮಾಸ್ಕು ತೆಗೆಯತಕ್ಕದ್ದಲ್ಲ; ಪ್ರತಿಯೊಂದು ಕ್ಯಾನನ್ನೂ ತಪ್ಪದೆ ಮೂಸತಕ್ಕದ್ದು. ಎರಡಕ್ಕೂ ಸಹಿ ಒಬ್ಬರದೇ. ಹೆಂಡತಿ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ಅವನ ಮಾಸ್ಕಿನ ನಡುವೆ ಒಂದು ಚೌಕ ಕತ್ತರಿಸಿ, ಅದಕ್ಕೊಂದು ಬಟ್ಟೆಯ ಬಾಗಿಲು ಹೊಲಿದು, ಮದುವೆಯ ಅಂಗಿಯ ಗುಂಡಿಯೊಂದನ್ನು ಚಿಲಕವಾಗಿ ಇಟ್ಟುಕೊಟ್ಟಿದ್ದಳು. ಗುಂಡಿ ಬಿಚ್ಚಿದರೆ ಮೂಗು ಹೊರಗೆ, ಹಾಕಿದರೆ ಒಳಗೆ. ಅವನು ಗುಂಡಿಗೆ ಕೈ ಹಾಕಿದ ಕೂಡಲೆ ಸಾಲಿನಲ್ಲಿದ್ದವರು ಬಂದೂಕು ಹೊರಗೆ ತೆಗೆದವನನ್ನು ಕಂಡಂತೆ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಬಾಗಿಲು ತೆಗೆಯುವುದು, ಬಗ್ಗುವುದು, ಎರಡು ಗಿಡ್ಡ ಒಂದು ಉದ್ದ, ಕಣ್ಣು ಅರೆಮುಚ್ಚುವುದು, ತಲೆಯಾಡಿಸುವುದು. ದೇವರು ಎದ್ದು ಹೋದ ಗುಡಿಯಲ್ಲಿ ಪೂಜೆ ಮಾತ್ರ ಕ್ರಮಪ್ರಕಾರ ನಡೆಯುತ್ತಿತ್ತು. ಮೊದಲೆಲ್ಲ ಹಾಲು ತಂದವರ ಮುಖ ನೋಡಿದರೆ ಅರ್ಧ ತಿಳಿಯುತ್ತಿತ್ತು. ಈಗ ಮುಖಗಳೆಲ್ಲ ಮಾಸ್ಕಿನ ಹಿಂದೆ. ಉಳಿದದ್ದು ಹುಬ್ಬು. ಹುಬ್ಬು ಗಂಟಿಕ್ಕಿದ್ದರೆ ಹಾಲು ಕೆಟ್ಟಿದೆ, ನೆಟ್ಟಗಿದ್ದರೆ ಒಳ್ಳೆಯದು ಎಂದು ಅವನೊಂದು ಶಾಸ್ತ್ರ ಮಾಡಿಕೊಂಡಿದ್ದ. ಹೀಗಾಗಿ ಹುಟ್ಟಿನಿಂದಲೇ ಹುಬ್ಬು ಕೂಡಿಕೊಂಡಿದ್ದವನೊಬ್ಬನ ಹಾಲು ಒಂದು ವಾರ ಪೂರ್ತಿ ವಾಪಸು ಹೋಗಿತ್ತು. ಲ್ಯಾಬಿನಲ್ಲಿ ಆರು ಜನರಿದ್ದ ಕಡೆ ಈಗ ಮೇಡಂ ಒಬ್ಬರೇ. ಅವರು ಟ್ಯಾಂಕು ತುಂಬಿದ ಮೇಲೆ ಒಂದು ಸಲ ನೋಡುವುದು, ಅಷ್ಟೇ. ಒಂದು ಕೆಟ್ಟ ಕ್ಯಾನು ಒಳಗೆ ಬಿದ್ದರೆ ಟ್ಯಾಂಕಿಗೆ ಟ್ಯಾಂಕೇ ಹಾಳು. ಮೇಡಂ ಕಣ್ಣು ತಪ್ಪಿದರೆ ಊರಿನ ಎಲ್ಲ ಒಲೆಗಳ ಮೇಲೆ ಒಂದೇ ಹೊತ್ತಿಗೆ ಹಾಲು ಒಡೆಯುತ್ತದೆ. ಈ ಸದ್ದು ಅವನ ಕನಸಿನಲ್ಲಿ ಬರುತ್ತಿತ್ತು. ಹಾಲು ಒಡೆಯುವುದಕ್ಕೆ ಸದ್ದಿರುವುದಿಲ್ಲ, ಕನಸಿನಲ್ಲಿ ಇರುತ್ತಿತ್ತು. ಕೆಲಸಕ್ಕೆ ಮರಳಿದಾಗಿನಿಂದ ಊರು ಉಳಿದದ್ದು ಹಾಲು ತರುವವರ ಒಳ್ಳೆಯತನದಿಂದಲೇ ಹೊರತು ತನ್ನ ಮೂಗಿನಿಂದಲ್ಲ ಎಂದು ಅವನಿಗೆ ಗೊತ್ತಿತ್ತು. ಅದೇ ಒಳ್ಳೆಯವರ ಕ್ಯಾನುಗಳನ್ನು ಮೂರು ದಿನದಿಂದ ಅವನು ಹಿಂದಕ್ಕೆ ಕಳಿಸುತ್ತಿದ್ದ.

ಅದು ಮ್ಯಾನೇಜರ ಯೋಚನೆ. ಹೋಟೆಲು ಮುಚ್ಚಿದವು, ಚಹಾ ಅಂಗಡಿ ಮುಚ್ಚಿದವು, ಹಾಸ್ಟೆಲ್ಲು, ಬೇಕರಿ, ಮದುವೆ ಛತ್ರ ಎಲ್ಲ ಮುಚ್ಚಿದವು. ಹಸುಗಳಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಲಿಲ್ಲ. ಅವು ಎಂದಿನಂತೆ ಹಾಲು ಕರೆಯುತ್ತಲೇ ಇದ್ದವು. ಉಳಿದ ಹಾಲನ್ನೆಲ್ಲ ಪುಡಿ ಮಾಡಿ ಮಾಡಿ ಗೋದಾಮು ತುಂಬಿತು, ಮೀಟಿಂಗ್ ರೂಮು ತುಂಬಿತು, ಕೊನೆಗೆ ಮೂಟೆಗಳು ಮ್ಯಾನೇಜರ ಕೋಣೆಗೇ ಬಂದವು. ಮೂರು ದಿನದ ಕೆಳಗೆ ಅವನನ್ನು ಕರೆಸಿದಾಗ ಮ್ಯಾನೇಜರು ಕಾಣಲಿಲ್ಲ. ಮೂಟೆಗಳ ಸಂದಿಯಿಂದ ಧ್ವನಿ ಮಾತ್ರ ಬಂತು. “ಬನ್ರೀ, ಎಡಕ್ಕೆ ಬನ್ನಿ, ಈಗ ಬಲಕ್ಕೆ... ಹಾಂ, ಅಲ್ಲೇ ನಿಂತ್ಕೊಳ್ಳಿ.” ಹುಬ್ಬಿನ ಮೇಲೆಲ್ಲ ಹಾಲಿನ ಪುಡಿ ಕೂತು ಅವರು ವಯಸ್ಸಾದ ಋಷಿಯಂತಿದ್ದರು. “ನೋಡಿ, ಒಳ್ಳೇ ಹಾಲನ್ನ ಬೇಡ ಅನ್ನೋಕೆ ಸಂಘದ ನಿಯಮದಲ್ಲಿ ಜಾಗ ಇಲ್ಲ. ಮೂಸೋನು ಬೇಡ ಅಂದ್ರೆ ಮಾತ್ರ ಬೇಡ. ಅಂದ್ರೆ ಈಗ ಈ ಡೈರಿ ಉಳಿಯೋದು ನಿಮ್ಮ ಮೂಗಿನ ಮೇಲೆ. ದಿನಕ್ಕೆ ನಲವತ್ತು ಕ್ಯಾನ್ ಕೆಡಬೇಕು.” ಅವನು ‘ಹೇಗೆ ಸಾರ್’ ಅನ್ನಬೇಕಿತ್ತು. ‘ನಿಮ್ಮ ಮೂಗಿನ ಮೇಲೆ’ ಎಂಬ ಮಾತು ಕೇಳಿ ಹಾಳು ಎದೆ ಉಬ್ಬಿಬಿಟ್ಟಿತು. ಹೂಂ ಅಂದುಬಿಟ್ಟ.

ನಲವತ್ತನ್ನು ಆರಿಸುವುದು ಹೇಗೆ? ಮೂಸಿ ಆರಿಸುವಂತಿಲ್ಲ; ಹುಬ್ಬಿನ ಶಾಸ್ತ್ರದಿಂದ ಅಷ್ಟು ಸಿಗುವುದಿಲ್ಲ. ಮೂರು ಅಥವಾ ಏಳು ಇರುವ ಕ್ಯಾನ್ ನಂಬರುಗಳೆಲ್ಲ ಕೆಟ್ಟವು ಎಂದು ತೀರ್ಮಾನಿಸಿದ. ನೂರರಲ್ಲಿ ಅಂಥವು ಮೂವತ್ತಾರು. ಉಳಿದ ನಾಲ್ಕಕ್ಕೆ ಮನಸ್ಸು ಬಂದಂತೆ. ಬೇಡವೆಂದ ಹಾಲನ್ನು ಹಲವರು ಅಲ್ಲೇ ಚೆಲ್ಲಿ ಹೋಗಿ, ಡೈರಿಯ ಹಿಂದಿನ ಚರಂಡಿ ಬೆಳ್ಳಗೆ ಹರಿಯಿತು. ಅಲ್ಲಿನ ಬೆಕ್ಕುಗಳು ಇಲಿ ಕಂಡರೂ ಏಳುವುದನ್ನು ಬಿಟ್ಟವು. ಎರಡು ಬೀದಿಯಾಚೆ, ಕ್ವಾರಂಟೈನಿಗೆಂದು ತೆರೆದ ಶಾಲೆಯ ಮುಂದೆ, ಹಾಲಿನ ಪ್ಯಾಕೆಟ್ಟು ಬರುತ್ತದೆಂದು ಜನ ಕಾಯುತ್ತಿದ್ದರು; ವ್ಯಾನಿಗೆ ಓಡಾಡುವ ಪಾಸಿರಲಿಲ್ಲ. ದಿನವೂ ಅವರನ್ನು ದಾಟಿಕೊಂಡೇ ಅವನು ಮನೆಗೆ ಹೋಗಬೇಕಿತ್ತು. ಮಾಸ್ಕಿನ ಮೇಲೆ ಟವೆಲ್ಲು ಸುತ್ತಿಕೊಂಡು ಹೋಗುತ್ತಿದ್ದ.

ಹದಿನೇಳನೇ ನಂಬರಿನ ಅಜ್ಜಿ ಕ್ಯಾನನ್ನು ಕಟ್ಟೆಯ ಮೇಲೆ ಧಡ್ಡನೆ ಇಟ್ಟಳು. ಎಪ್ಪತ್ತರ ಹತ್ತಿರದ ಹೆಂಗಸು. ಎರಡು ಹಸು, ಒಂದು ಸೈಕಲ್ಲು, ಹತ್ತು ಜನರ ಬಾಯಿ. ಸೈಕಲ್ಲನ್ನು ಅವಳು ಹತ್ತಿದ್ದನ್ನು ಯಾರೂ ಕಂಡಿಲ್ಲ. ಎಮ್ಮೆಯನ್ನು ಹೊಡೆದುಕೊಂಡು ಬಂದಂತೆ ತಳ್ಳಿಕೊಂಡು ಬರುತ್ತಿದ್ದಳು. ಮೂರು ದಿನವೂ ಅವಳ ಹಾಲು ವಾಪಸು ಹೋಗಿತ್ತು.

“ಮೂಗಣ್ಣ, ನಿನ್ನೆ ನೀನು ಕೆಟ್ಟಿದೆ ಅಂದ ಹಾಲನ್ನ ಮನೆಮಂದಿಯೆಲ್ಲ ಕುಡಿದ್ವಿ ಕಣಪ್ಪ. ನಮ್ಮ ಯಜಮಾನರು ಎರಡು ಲೋಟ ಜಾಸ್ತೀನೇ ಕುಡಿದ್ರು. ಬೆಳಿಗ್ಗೆ ಎದ್ದು ನನಗೇ ಬೈದ್ರು. ಅಂದ್ರೆ ಆರೋಗ್ಯವಾಗಿದ್ದಾರೆ.”

ಸಾಲಿನಲ್ಲಿ ನಗು ಹಬ್ಬಿತು. ಅವನಿಗೆ ಕುತ್ತಿಗೆಯ ಹಿಂದೆ ಬಿಸಿಯಾಯಿತು. ಇವತ್ತು ಏನಾದರಾಗಲಿ ಹದಿನೇಳನ್ನು ಒಳಗೆ ಬಿಡುತ್ತೇನೆ ಎಂದು ಬೆಳಿಗ್ಗೆ ಬಚ್ಚಲಲ್ಲೇ ಸಂಕಲ್ಪ ಮಾಡಿದ್ದ. ಒಂದು ಪುಣ್ಯವಾದರೂ ಇರಲಿ, ಅದನ್ನು ನೋಡಿ ದೇವರು ಎಡಗಡೆಯ ಹೊಳ್ಳೆಯನ್ನಾದರೂ ಕೊಟ್ಟಾನು. ಗುಂಡಿ ಬಿಚ್ಚಿದ. ಅಜ್ಜಿ ಮುಚ್ಚಳ ಎತ್ತಿದಳು. ಒಳಗೆ ಅಂಚಿನವರೆಗೆ ಬೆಳ್ಳಗೆ, ತುಂಬು ಬಿಳುಪು. ಬಗ್ಗಿದ. ಎರಡು ಗಿಡ್ಡ, ಒಂದು ಉದ್ದ. ಉದ್ದವನ್ನು ಎಂದಿಗಿಂತ ಉದ್ದ ಎಳೆದ. ಕಣ್ಣು ಸ್ವಲ್ಪ ಉರಿಯಿತು; ಸೋಪಿನ ಉರಿ ಇನ್ನೂ ಹೋಗಿಲ್ಲವೆಂದುಕೊಂಡ.

“ಆಹಾ,” ಅಂದ, ಎಲ್ಲರಿಗೂ ಕೇಳುವ ಹಾಗೆ. “ಹೂವಿನಂಥ ಹಾಲು ಅಜ್ಜಿ. ಹಾಕಿ.”

ಅಜ್ಜಿ ಹಾಕಲಿಲ್ಲ. ಮುಚ್ಚಳವನ್ನು ನಿಧಾನವಾಗಿ ಮುಚ್ಚಿ, ಅದರ ಮೇಲೆ ಎರಡೂ ಕೈ ಊರಿ, ಅವನ ಕಡೆಗೆ ಬಗ್ಗಿದಳು. ಆರಡಿಯ ನಿಯಮ ಅಲ್ಲಿಗೆ ಮುಗಿಯಿತು.

“ಹಾಕಲಾ?” ಅಂದಳು ಪಿಸುಮಾತಿನಲ್ಲಿ. “ಇದು ಫಿನಾಯಿಲ್ ನೀರು ಕಣೋ.”

ಅವನು ನಿಂತಲ್ಲೇ ನಿಂತ. ಹೌದಲ್ಲ, ಫಿನಾಯಿಲಿಗೆ ನೀರು ಬಿದ್ದರೆ ಹಾಲಿನಷ್ಟೇ ಬೆಳ್ಳಗಾಗುತ್ತದೆ. ಮೂರು ಹೊತ್ತೂ ಒರೆಸಿದ ಕಟ್ಟೆಯ ಮೇಲೆ ಆ ವಾಸನೆ ಇನ್ನೊಂದು ಕ್ಯಾನಿನಿಂದ ಬಂದರೆ ಸಾಲಿನವರಿಗೆ ತಿಳಿಯುವುದಾದರೂ ಹೇಗೆ. ಎಲ್ಲ ಯೋಚನೆಗಳೂ ಕ್ರಮವಾಗಿ, ಅವಸರವಿಲ್ಲದೆ ಬಂದವು. ಹೊರಗೆ ಬಿದ್ದ ಮೂಗು ತಣ್ಣಗಾಯಿತು. ಊರಿನ ಒಲೆಗಳ ಮೇಲಿನ ಪಾತ್ರೆಗಳೆಲ್ಲ ಅವನ ಕಣ್ಣಮುಂದೆ ಸಾಲಾಗಿ ಬಂದು ನಿಂತವು. ಅವುಗಳ ಪಕ್ಕದಲ್ಲಿ ಒಂದೊಂದು ಮಗು, ಒಂದೊಂದು ಲೋಟ.

“ಹತ್ತು ನಿಮಿಷ,” ಅಂದ ಸಾಲಿನ ಕಡೆ ನೋಡದೆ. ಮೂಗನ್ನು ಒಳಗೆ ಹಾಕಿಕೊಳ್ಳುವುದು ಕೂಡ ಮರೆತು ಕ್ಯಾಂಟೀನಿನ ಕಡೆ ನಡೆದ. ಅಜ್ಜಿ ಕ್ಯಾನನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದೆಯೇ ಬಂದಳು.

ಮುಚ್ಚಿದ ಕ್ಯಾಂಟೀನಿನಲ್ಲಿ ಬೆಂಚುಗಳಿಗೆಲ್ಲ ಕೆಂಪು ಗೀಟು ಹಾಕಿದ್ದರು. ಗೀಟು ಇಲ್ಲದ ಕಡೆ ಅವನು ಕೂತ. ಗೀಟಿನ ಮೇಲೆಯೇ ಅಜ್ಜಿ ಕೂತಳು.

“ಯಾವಾಗ್ಲಿಂದ?”

“ಇಪ್ಪತ್ತಾರು ದಿನ ಆಯ್ತು ಅಜ್ಜಿ. ನಿಮಗೆ ಹೇಗೆ ಗೊತ್ತಾಯ್ತು?”

“ಹದಿಮೂರರೋನು, ಇಪ್ಪತ್ತೇಳರೋನು, ಮೂವತ್ತರಿಂದ ಮೂವತ್ತೊಂಬತ್ತರವರೆಗೆ ಒಂದೇ ಸಮ. ದಿನಾ ಅದೇ ಕ್ಯಾನ್‌ಗಳೇ ಕೆಡ್ತವಾ? ಮೂಗು ಅಂದ್ಕೊಂಡ್ವಿ, ನೀನು ಮಗ್ಗಿ ಹೇಳ್ತಿದ್ದೆ.” ಅವಳು ಮಾಸ್ಕನ್ನು ಗಲ್ಲಕ್ಕಿಳಿಸಿ ಅವನನ್ನು ನೋಡಿದಳು. ಬೈಯುತ್ತಾಳೆಂದು ಕಾದ. ಬೈಗುಳ ಬಂದಿದ್ದರೆ ಹಗುರಾಗುತ್ತಿತ್ತು. “ನಮ್ಮ ಸೊಸೆಗೂ ಹೋಗಿತ್ತು ಕಣೋ, ಎರಡು ತಿಂಗಳು. ಪಾಪ, ಮಗು ಬಟ್ಟೆ ಕೆಡಿಸ್ಕೊಂಡ್ರೆ ಅಕ್ಕಪಕ್ಕದೋರು ಬಂದು ಹೇಳ್ಬೇಕಿತ್ತು. ಅವಳೇನೂ ನಾಚಿಕೆ ಪಡ್ಲಿಲ್ಲ. ನಿನಗೇನು ದೊಡ್ಡ ರೋಗ? ಹೇಳೋಕೆ ಬಾಯಿ ಇರ್ಲಿಲ್ವಾ? ಅದೂ ಹೋಗಿತ್ತಾ?”

“ಹೇಳಿದ್ರೆ ನಾನ್ಯಾರು ಅಜ್ಜಿ ಆಮೇಲೆ?”

ಈ ಪ್ರಶ್ನೆ ಅಜ್ಜಿಗೆ ತೀರಾ ಬಾಲಿಶವಾಗಿ ಕಂಡಿರಬೇಕು. “ಹಾಲು ಕೆಟ್ಟಿದ್ಯೋ ಇಲ್ವೋ ಅಂತ ಮೂಗಿಲ್ದೋರು ಮನೇಲಿ ಏನ್ ಮಾಡ್ತಾರೆ? ಒಂದು ಸೌಟು ತಗೊಂಡು ಕುದಿಸ್ತಾರೆ. ಒಡೆದ್ರೆ ಕೆಟ್ಟಿದೆ, ಒಡೀದಿದ್ರೆ ಒಳ್ಳೇದು. ನಿಮ್ಮ ಲ್ಯಾಬಿನ ಹೆಣ್ಣುಮಗಳ ಹತ್ರ ಸ್ಟೌವ್ ಇಲ್ವಾ?”

ಇತ್ತು. ಅವನೇ ಅದರ ಮೇಲೆ ಮಳೆಗಾಲದಲ್ಲಿ ಕಾಲುಚೀಲ ಒಣಗಿಸಿಕೊಂಡಿದ್ದ. ದಿನವೂ ಬೆಳಿಗ್ಗೆ ಮನೆಯ ಒಲೆಯ ಮುಂದೆ ಅವನು ಮಾಡುತ್ತಿದ್ದದ್ದೂ ಇದೇ ಪರೀಕ್ಷೆ. ಇಪ್ಪತ್ತಾರು ದಿನದ ನರಕಕ್ಕೆ ಮದ್ದು ಒಂದು ಸೌಟು ಎಂದು ತಿಳಿದಾಗ ಅವನಿಗೆ ನಗು ಬಂತು. ಎಲ್ಲಿಂದಲೋ ಬಂದ ನಗು, ತೆರೆದ ಬಾಗಿಲಿನಿಂದ ಮೂಗಿನ ಮೂಲಕ ಸೊರ್ರೆಂದು ಹೊರಬಿತ್ತು. ಅಜ್ಜಿಯೂ ನಕ್ಕಳು. ಇಬ್ಬರೂ ಫಿನಾಯಿಲಿನ ಕ್ಯಾನನ್ನು ನಡುವೆ ಇಟ್ಟುಕೊಂಡು ನಗುತ್ತಿರುವಾಗ ಮ್ಯಾನೇಜರು ಬಂದರು, ಮೈಯೆಲ್ಲ ಹಾಲಿನ ಪುಡಿ.

“ಏನ್ರೀ ಇದು, ಸಾಲು ನಿಲ್ಲಿಸಿ ಇಲ್ಲಿ ಹರಟೆ? ಇವತ್ತು ಅರವತ್ತು ಕೆಡಬೇಕು ಅಂತ ಹೇಳೋಕೆ ಬಂದ್ರೆ...”

ಅವನು ಎದ್ದು ನಿಂತ. ತಡ ಮಾಡಿದರೆ ಬಾಯಿಯೂ ಹೋಗಿಬಿಡಬಹುದು ಎನ್ನಿಸಿತು. “ಸಾರ್, ನನಗೆ ವಾಸನೆ ಬರಲ್ಲ. ರೋಗ ಬಂದ ಮೇಲೆ ಹೋಯ್ತು. ಇಷ್ಟು ದಿನ ಸುಳ್ಳೇ ಮೂಸಿದ್ದೀನಿ.”

ಹೇಳಿ ಕಣ್ಣು ಮುಚ್ಚಿದ. ಆಕಾಶ ಬೀಳಲಿಲ್ಲ. ಮ್ಯಾನೇಜರು ಅವನ ಹೆಗಲು ತಟ್ಟಿದರು, ಪುಡಿ ಹಾರಿತು.

“ಅಷ್ಟೇನಾ? ನಾನು ಹೆದರಿಬಿಟ್ಟಿದ್ದೆ ಕಣ್ರೀ. ವಾಸನೆ ಯಾರಿಗ್ರೀ ಬೇಕು? ನಿಮ್ಮ ತಲೆ ಅಡ್ಡ ಅಲ್ಲಾಡಿದ್ರೆ ಸಾಕು. ಇನ್ನೂ ಒಳ್ಳೇದಾಯ್ತು, ಮನಸ್ಸಿಗೆ ಚುಚ್ಚೋದೂ ಇಲ್ಲ. ಬನ್ನಿ ಬನ್ನಿ.”

ಬೈದಿದ್ದರೆ, ಕೆಲಸದಿಂದ ತೆಗೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹದಿನೆಂಟು ವರ್ಷ; ನೆಗಡಿ ಬಂದರೆ ಮೂರು ದಿನ ಆವಿ ಹಿಡಿದು, ಹೆಂಡತಿ ಮುಡಿದ ಹೂವಿನ ವಾಸನೆ ಕೆಲಸಕ್ಕೆ ಅಡ್ಡ ಬರುತ್ತದೆಂದು ಅವಳಿಗೆ ಹೂವೇ ಬಿಡಿಸಿ, ಈರುಳ್ಳಿ ಕೂಡ ಭಾನುವಾರ ಮಾತ್ರ ತಿಂದು ಕಾಪಾಡಿಕೊಂಡ ಮೂಗು. ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೇಕಾಗಿದ್ದದ್ದು ಕುತ್ತಿಗೆ. ಪಾಪ, ಅವಳು ಹದಿನೆಂಟು ವರ್ಷ ಹೂವು ಮುಡಿದಿಲ್ಲ. ಈಗ ಮುಡಿದರೂ ಅವನಿಗೆ ಗೊತ್ತಾಗುವುದಿಲ್ಲ.

“ಆ ಶಾಲೆ ಮುಂದೆ ಅಷ್ಟೊಂದು ಜನ ಕಾಯ್ತಾರಲ್ಲ, ಅವರಿಗಾದ್ರೂ ಕೊಡಬಾರ್ದೇನಪ್ಪ?” ಅಂದಳು ಅಜ್ಜಿ ಹಿಂದಿನಿಂದ.

“ಅದಕ್ಕೆ ಸರ್ಕ್ಯುಲರ್ ಬರಬೇಕಮ್ಮ,” ಅಂದರು ಮ್ಯಾನೇಜರು.

ಕಟ್ಟೆಗೆ ಬರುವ ದಾರಿಯಲ್ಲಿ ಲ್ಯಾಬಿನ ಬಾಗಿಲು. ಅವನು ಒಳಗೆ ಹೋದ. ಮೇಡಂ ಒಬ್ಬರೇ ಕೂತು ಬ್ರೆಡ್ಡು ತಿನ್ನುತ್ತಿದ್ದರು. “ಮೇಡಂ, ಸ್ಟೌವು ಬೇಕು. ಸಣ್ಣ ಪಾತ್ರೇನೂ, ಸೌಟೂ. ವಾಪಸ್ ಕೊಡ್ತೀನಿ,” ಅಂದ. ಅವರು ಅವನ ಹೊರಗೆ ಬಿದ್ದಿದ್ದ ಮೂಗನ್ನು ನೋಡಿದರು, ಹಿಂದೆ ನಿಂತ ಅಜ್ಜಿಯನ್ನು ನೋಡಿದರು. ಏನೂ ಕೇಳದೆ ಎದ್ದು, ಬಾಯಲ್ಲಿ ಬ್ರೆಡ್ಡು ಕಚ್ಚಿಕೊಂಡು, ಸ್ಟೌವನ್ನು ತಾವೇ ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಇಟ್ಟು ಹಚ್ಚಿದರು. ಅಷ್ಟರಲ್ಲಿ ಅಜ್ಜಿ ಸೈಕಲ್ಲಿನ ಹಿಂದೆ ಕಟ್ಟಿದ್ದ ನಿಜವಾದ ಹಾಲಿನ ಕ್ಯಾನನ್ನು ಬಿಚ್ಚಿ ತಂದು, ಮತ್ತೆ ಧಡ್ಡನೆ, ಅವನ ಮುಂದಿಟ್ಟಳು. ಹದಿನೇಳು. ಅವನು ಒಂದು ಸೌಟು ತೆಗೆದು ಪಾತ್ರೆಗೆ ಹಾಕಿದ. ಸಾಲು ತನ್ನ ಸುಣ್ಣದ ವೃತ್ತಗಳನ್ನು ಬಿಟ್ಟು ಮುಂದೆ ಬಂತು. ಹಾಲು ಬಿಸಿಯಾಯಿತು, ಅಂಚಿನಲ್ಲಿ ಗುಳ್ಳೆ ಎದ್ದಿತು, ಕೆನೆ ಸುಕ್ಕಾಯಿತು, ಮೆಲ್ಲಗೆ ಮೇಲಕ್ಕೆ ಬಂತು. ಒಡೆಯಲಿಲ್ಲ. ಅವನು ಈ ಸಲ ಉಕ್ಕುವ ಮೊದಲೇ ಇಳಿಸಿದ.

ಮ್ಯಾನೇಜರಿಗೆ ಇದು ಯಾವುದೂ ಹಿಡಿಸಲಿಲ್ಲ. ಸ್ಟೌವಿಗೂ ಅವನಿಗೂ ನಡುವೆ ಬಂದು ನಿಂತು, ಧ್ವನಿ ಇಳಿಸಿ, ಬಹಳ ಮರ್ಯಾದೆಯಿಂದಲೇ ಕೇಳಿದರು: “ಇದೆಲ್ಲ ನಿಯಮದಲ್ಲಿ ಇಲ್ಲ ಕಣ್ರೀ. ನಿಯಮದಲ್ಲಿರೋದು ಮೂಗು. ನೀವು ಒಂದೇ ಒಂದು ಸಲ ಬಗ್ಗಿ, ಮೂಸಿದ ಹಾಗೆ ಮಾಡಿ, ತಲೆ ಅಲ್ಲಾಡ್ಸಿ. ಉಳಿದದ್ದು ನಾನು ನೋಡ್ಕೋತೀನಿ. ನಿಮಗೆ ಕೈ ಮುಗೀತೀನಿ, ಮೂಸ್ರೀ.”

ಮೂಗಣ್ಣ ಕೈ ಎತ್ತಿದ. ಸಾಲಿನವರು ರೂಢಿಯಂತೆ ಒಂದು ಹೆಜ್ಜೆ ಹಿಂದೆ ಸರಿದರು. ಅಜ್ಜಿ ಮಾತ್ರ ಕದಲಲಿಲ್ಲ. ಅವನು ಮಾಸ್ಕಿನ ಪುಟ್ಟ ಬಾಗಿಲನ್ನು ಎಳೆದು, ಮೂಗನ್ನು ಒಳಗೆ ಸೇರಿಸಿ, ಮದುವೆಯ ಅಂಗಿಯ ಗುಂಡಿಯನ್ನು ತೂತಿಗೆ ಹಾಕಿ ಒಮ್ಮೆ ಎಳೆದು ನೋಡಿದ. ಗಟ್ಟಿಯಾಗಿತ್ತು.

“ಇಲ್ಲ ಸಾರ್,” ಅಂದ. “ಮೂಸಲ್ಲ.”